ಪ್ರೆಸ್ಸಣ್ಣನಿಗೆ ಬಂದ ಬಡತನ

ನಮ್ಮ ಸ್ಕೂಲಿನಲ್ಲಿ ಒಂದು ಪದ್ಧತಿ ಇದೆ. ಯಾವುದಾದರೂ ಕುಟುಂಬ ಕಷ್ಟಕ್ಕೆ ಸಿಕ್ಕಿಕೊಂಡರೆ ಅವರಿಗಾಗಿ ಹಣ ಕೂಡಿಸುತ್ತೇವೆ, ಆದರೆ ಯಾರಿಗೆ ಎಂದು ಹೇಳುವುದಿಲ್ಲ. ಪ್ರಿನ್ಸಿಪಾಲ್ ಸಿಸ್ಟರ್ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮೈಕಿನ ಮುಂದೆ ನಿಂತು, "ನಮ್ಮ ನಡುವೆಯೇ ಇರುವ ಒಂದು ಕುಟುಂಬ ಕಷ್ಟದಲ್ಲಿದೆ" ಎನ್ನುತ್ತಾರೆ. ಅಷ್ಟೇ. ಆಫೀಸಿನ ಹೊರಗಿನ ಬೆಂಚಿನ ಮೇಲೆ ಬೀಗ ಹಾಕಿದ ಒಂದು ಮರದ ಪೆಟ್ಟಿಗೆ ಬಂದು ಕೂರುತ್ತದೆ. ಮಕ್ಕಳ ಕೈಯಲ್ಲಿ ಮನೆಗೊಂದು ಖಾಲಿ ಲಕೋಟೆ ಹೋಗುತ್ತದೆ. ತುಂಬಿ ಬಂದ ಲಕೋಟೆಯ ಮೇಲೆ ಕೊಟ್ಟವರ ಹೆಸರು ಇರುವ ಹಾಗಿಲ್ಲ, ತೆಗೆದುಕೊಳ್ಳುವವರ ಹೆಸರು ಯಾರೂ ಕೇಳುವ ಹಾಗಿಲ್ಲ. ಕೊಟ್ಟವನಿಗೆ ಜಂಬ ಬರಬಾರದು, ತೆಗೆದುಕೊಂಡವನು ತಲೆ ತಗ್ಗಿಸಬಾರದು ಎಂಬುದು ಸಿಸ್ಟರ್ ಅವರ ಲೆಕ್ಕಾಚಾರ. ಒಳ್ಳೆಯ ಲೆಕ್ಕಾಚಾರವೇ. ಆದರೆ ಸಿಸ್ಟರ್ ಇರುವುದು ಕಾನ್ವೆಂಟಿನ ಗೋಡೆಯ ಒಳಗೆ, ನಾವಿರುವುದು ಬೀದಿಯಲ್ಲಿ. ಹೆಸರು ಗೊತ್ತಾಗದಿದ್ದರೆ ನಮಗೆ ತಿಂದ ಅನ್ನ ಅರಗುವುದಿಲ್ಲ.

ಹೆಸರು ಗೊತ್ತಿದ್ದವರು ಇಬ್ಬರೇ. ಒಬ್ಬರು ಸಿಸ್ಟರ್. ಇನ್ನೊಬ್ಬ ನಾನು, ಸ್ಕೂಲಿನ ಗುಮಾಸ್ತ. ಆಸ್ಪತ್ರೆಗೆ ಚೆಕ್ಕು ಬರೆಯುವವನು ನಾನೇ ಆದ್ದರಿಂದ ನನಗೆ ಹೇಳದೆ ಗತಿಯಿರಲಿಲ್ಲ. ಹೇಳುವ ಮೊದಲು ಸಿಸ್ಟರ್ ನನ್ನ ಕೈಯನ್ನು ಮೇಜಿನ ಮೇಲಿನ ಶಿಲುಬೆಯ ಮೇಲೆ ಇಡಿಸಿದರು. "ಹೌದು ಅಂತಲೂ ಹೇಳಬಾರದು, ಅಲ್ಲ ಅಂತಲೂ ಹೇಳಬಾರದು. ಬಾಯಿ ಬಿಟ್ಟರೆ ಕೆಲಸ ಬಿಟ್ಟ ಹಾಗೆ," ಎಂದರು. ಸಿಸ್ಟರ್ ನಗುತ್ತಲೇ ಹೇಳಿದರು, ಆದರೆ ಅವರು ನಗುತ್ತಾ ಹೇಳಿದ ಯಾವ ಮಾತೂ ಇದುವರೆಗೆ ತಮಾಷೆಯಾಗಿರಲಿಲ್ಲ.

ನೀವು ನಮ್ಮ ಬೀದಿಯವರಲ್ಲ, ನಿಮಗೆ ಹೇಳಬಹುದು. ಆ ಕುಟುಂಬ ನಮ್ಮ ಡ್ರಾಯಿಂಗ್ ಟೀಚರದು. ಅವರ ಗಂಡ ಮನೆಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿ. ಯಾರದೋ ಮಹಡಿಗೆ ಬಣ್ಣ ಹೊಡೆಯುವಾಗ ಏಣಿ ಜಾರಿ, ಸೊಂಟದ ಮೂಳೆ ಮುರಿದುಕೊಂಡು ಪಕ್ಕದ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದ. ಈ ತಿಂಗಳೊಳಗೆ ಆಪರೇಷನ್ ಆದರೆ ಎದ್ದು ಓಡಾಡುತ್ತಾನೆ, ಇಲ್ಲದಿದ್ದರೆ ಇನ್ನು ಹಾಸಿಗೆಯೇ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಟೀಚರ್ ಮರ್ಯಾದೆಗೆ ಅಂಜುವ ಹೆಂಗಸು. "ನಮ್ಮ ಮನೆಯವರು ದೂರದ ಊರಿಗೆ ದೊಡ್ಡ ಕಾಂಟ್ರಾಕ್ಟಿನ ಮೇಲೆ ಹೋಗಿದ್ದಾರೆ," ಎಂದು ಎಲ್ಲರಿಗೂ ಹೇಳಿಕೊಂಡು, ಸಂಜೆ ಸ್ಕೂಲು ಬಿಟ್ಟ ಮೇಲೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಇಡೀ ಬೀದಿಯಲ್ಲಿ ಒಬ್ಬರಿಗೂ ಸಂಶಯ ಬರಲಿಲ್ಲ. ಸಂಶಯಕ್ಕೆ ಬೇರೆ ಆಸಾಮಿ ಸಿಕ್ಕಿದ್ದ.

ಆ ಆಸಾಮಿಯೇ ಪ್ರೆಸ್ಸಣ್ಣ.

ಬೀದಿಯ ತಿರುವಿನಲ್ಲಿರುವ ಪ್ರಿಂಟಿಂಗ್ ಪ್ರೆಸ್ಸು ಅವರದು. ಮದುವೆ ಕಾಗದ, ಬಿಲ್ ಪುಸ್ತಕ, ನಮ್ಮ ಪ್ರಶ್ನೆಪತ್ರಿಕೆ, ಎಲ್ಲ ಅಲ್ಲಿಯೇ ಅಚ್ಚಾಗುತ್ತವೆ. ಮಗಳು ನಮ್ಮಲ್ಲೇ ಓದುತ್ತಾಳೆ. ಮನುಷ್ಯ ಒಳ್ಳೆಯವರು, ಯಾರ ತಂಟೆಗೂ ಹೋಗುವವರಲ್ಲ, ಆದರೆ ದೊಡ್ಡಸ್ತಿಕೆಯ ಚಪಲ ವಿಪರೀತ. ನಮ್ಮ ಪೇರೆಂಟ್ಸ್ ಕಮಿಟಿಯ ಅಧ್ಯಕ್ಷರು ಬೇಕರಿಯ ಮಾಲೀಕರು. ಅವರು ಪ್ರತಿ ಭಾನುವಾರ ಪೂಜೆಗೆ ಕಾರಿನಲ್ಲಿ ಬಂದು, ಚಾಪೆಲ್ಲಿನ ಮೆಟ್ಟಿಲಿಗೆ ತಾಗುವ ಹಾಗೆ ನಿಲ್ಲಿಸಿ, ಒಳಗೆ ಹೋಗುತ್ತಾ ಹಿಂದೆ ತಿರುಗದೆ ಕೀಲಿ ಒತ್ತುತ್ತಿದ್ದರು. ಕಾರು 'ಕೀಂ' ಎನ್ನುತ್ತಿತ್ತು. ಆ 'ಕೀಂ' ಕೇಳಿದರೆ ಪ್ರೆಸ್ಸಣ್ಣನಿಗೆ ಅರ್ಧ ಪೂಜೆಯವರೆಗೆ ಪ್ರಾರ್ಥನೆ ತಲೆಗೆ ಹತ್ತುತ್ತಿರಲಿಲ್ಲ.

ಕೊನೆಗೆ ಅವರು ಗುಟ್ಟಾಗಿ ಒಂದು ಸೆಕೆಂಡ್ ಹ್ಯಾಂಡ್ ಕಾರಿಗೆ ಅಡ್ವಾನ್ಸ್ ಕೊಟ್ಟು ಬಂದರು. ಯಾರಿಗೂ ಹೇಳಬಾರದು, ಸ್ಕೂಲಿನ ಸಂಗೀತ ಕಾರ್ಯಕ್ರಮದ ದಿನ ಎಲ್ಲರೂ ನೋಡುವಾಗ ಗೇಟಿನೊಳಗೆ ನುಗ್ಗಿಸಬೇಕು, ಅಧ್ಯಕ್ಷರ ಕಾರಿನ ಪಕ್ಕದಲ್ಲೇ ನಿಲ್ಲಿಸಬೇಕು, 'ಕೀಂ' ಅನ್ನಿಸಬೇಕು. ಇದು ಯೋಜನೆ. ಯೋಜನೆಗೆ ದುಡ್ಡು ಹೊಂದಿಸಲು ಸ್ಕೂಟರ್ ಮಾರಿದರು, ನಡೆಯತೊಡಗಿದರು. ಹೆಂಡತಿಯ ಬಳೆ ಮಾರಿದರು. ಕೇಬಲ್ ತೆಗೆಸಿದರು, ಪೇಪರು ನಿಲ್ಲಿಸಿದರು, ಮಧ್ಯಾಹ್ನದ ಟೀ ಬಿಟ್ಟರು. ಬಾಯಿ ಬಿಟ್ಟ ಚಪ್ಪಲಿಗೆ ಪ್ರೆಸ್ಸಿನ ಟ್ವೈನು ದಾರ ಸುತ್ತಿಕೊಂಡರು. ಗೇಟು ಸ್ಕೂಟರಿನ ಅಳತೆಯದು, ಕಾರು ನುಗ್ಗುವುದಿಲ್ಲವೆಂದು ಮನೆಯ ಮುಂದಿನ ಕಾಂಪೌಂಡ್ ಗೋಡೆಯನ್ನೇ ಒಡೆಸಿ, ಇಟ್ಟಿಗೆ ರಾಶಿಯ ಮೇಲೆ ಒಂದು ಹರಕು ಟಾರ್ಪಾಲು ಹೊದಿಸಿದರು. ಯಾರಾದರೂ, "ಏನಣ್ಣ, ಇದೆಲ್ಲ ಏನು?" ಎಂದು ಕೇಳಿದರೆ, ಗುಟ್ಟು ಹೊರಗೆ ಬೀಳದ ಹಾಗೆ ಆಕಾಶ ನೋಡಿ ಸಣ್ಣಗೆ ನಗುತ್ತಿದ್ದರು.

"ಇನ್ನು ಸ್ವಲ್ಪ ದಿನ ಅಷ್ಟೇ. ಆಮೇಲೆ ನಿಮಗೇ ಗೊತ್ತಾಗುತ್ತೆ."

ಮುಳುಗುವವನೂ ಹೀಗೆಯೇ ಮಾತಾಡುತ್ತಾನೆ ಎಂದು ಅವರಿಗೆ ಹೊಳೆಯಲಿಲ್ಲ.

ಸಿಸ್ಟರ್ ಮೈಕಿನಲ್ಲಿ ಹೇಳಿದ ಮಧ್ಯಾಹ್ನವೇ ಕ್ವಾಯರ್ ಆಂಟಿ ಆಫೀಸಿಗೆ ಬಂದರು. ಈಕೆ ನಮ್ಮ ಗಾಯನ ವೃಂದದ ಮೊದಲ ದನಿ, ಬೀದಿಯ ಸಮಸ್ತ ಸುದ್ದಿಗೂ ಮೊದಲ ದನಿ. ಹಿಂದೆಯೇ ಬೇಕರಿ ಅಧ್ಯಕ್ಷರು. ಇಬ್ಬರೂ ನನ್ನ ಮೇಜಿಗೆ ಎರಡು ಕಡೆಯಿಂದ ಮೊಣಕೈ ಊರಿದರು.

"ಗುಮಾಸ್ತರೇ, ನಾವೇನೂ ಹೆಸರು ಕೇಳೋಕೆ ಬಂದಿಲ್ಲ," ಎಂದರು ಆಂಟಿ. "ಕೇಳಬಾರದು ಅಂತ ನಮಗೂ ಗೊತ್ತು. ನಾವು ಒಂದು ಹೆಸರು ಹೇಳ್ತೀವಿ. ಅಲ್ಲದಿದ್ರೆ ಅಲ್ಲ ಅನ್ನಿ, ಹೋಗ್ತೀವಿ."

"ನಾನು ಏನೂ ಹೇಳೋ ಹಾಗಿಲ್ಲ, ಆಂಟಿ."

"ಪ್ರೆಸ್ಸಣ್ಣ."

ನನಗೆ ನಗು ಉಕ್ಕಿತು, ನುಂಗಿಕೊಂಡೆ. ಅಲ್ಲ ಎನ್ನಬಹುದಿತ್ತು. ಅಂದರೆ ಇವರು ಇನ್ನೊಂದು ಹೆಸರು ಹೇಳುತ್ತಾರೆ, ಅದಕ್ಕೂ ಅಲ್ಲ ಎನ್ನಬೇಕು, ಹಾಗೇ ಬೀದಿಯನ್ನೆಲ್ಲ ಸುತ್ತಿ ಡ್ರಾಯಿಂಗ್ ಟೀಚರ್ ಹತ್ತಿರ ಬಂದಾಗ ನಾನು ಸುಮ್ಮನಾದರೆ ಕಥೆ ಮುಗಿಯಿತು. ಶಿಲುಬೆಯ ಮೇಲಿಟ್ಟ ಕೈ ನೆನಪಾಗಿ ತುಟಿ ಬಿಗಿದುಕೊಂಡು ಕೂತೆ.

"ನೋಡಿದ್ರಾ!" ಆಂಟಿ ಅಧ್ಯಕ್ಷರ ತೋಳು ಹಿಡಿದು ಅಲ್ಲಾಡಿಸಿದರು. "ಅಲ್ಲ ಅನ್ನಲಿಲ್ಲ!"

"ಕಣ್ಣಲ್ಲಿ ನೀರು ಬಂದಿದೆ ಅವರಿಗೆ," ಎಂದರು ಅಧ್ಯಕ್ಷರು. ನಗು ತಡೆದ ನೀರು ಅದು.

"ನಾನು ಮೊದಲೇ ಅಂದ್ಕೊಂಡೆ. ಆ ಗೋಡೆ ಬಿದ್ದಿರೋದು ನೋಡಿದ್ರಾ? ಮೇಲೆ ಟಾರ್ಪಾಲು! ಹೆಂಡತಿ ಕೈಯಲ್ಲಿ ಒಂದು ಬಳೆ ಇಲ್ಲ. ಕಾಲಿಗೆ ದಾರ ಕಟ್ಕೊಂಡು ನಡೀತಾರೆ ಅಂದ್ರೆ ನೀವೇ ಯೋಚನೆ ಮಾಡಿ. ಆದರೂ ಏನು ಸಮಾಧಾನ ಅವರಿಗೆ! ಆಕಾಶ ನೋಡಿ ನಗ್ತಾರೆ ಪಾಪ."

"ಸಂಗೀತ ಕಾರ್ಯಕ್ರಮದ ಟಿಕೆಟ್ಟಿನ ದುಡ್ಡೂ ಈ ಕುಟುಂಬಕ್ಕೇ ಅಲ್ವಾ? ಆ ಟಿಕೆಟ್ಟು ಅವರೇ ತಾನೆ ಪ್ರಿಂಟ್ ಮಾಡ್ತಿರೋದು? ದುಡ್ಡು ಬೇಡ ಅಂದರಂತೆ."

"ಅಯ್ಯೋ ದೇವರೇ! ತನಗೆ ಸಹಾಯ ಮಾಡೋ ಟಿಕೆಟ್ಟನ್ನ ತಾನೇ ಅಚ್ಚು ಹಾಕೋ ಹಾಗಾಯ್ತಲ್ಲ!" ಆಂಟಿಗೆ ನಿಜವಾಗಿಯೂ ಅಳು ಬಂತು. ಅತ್ತು, ಮೂಗು ಒರೆಸಿಕೊಂಡು, ಸುದ್ದಿಯನ್ನು ಗುಟ್ಟಾಗಿ ಎಲ್ಲರಿಗೂ ತಲುಪಿಸಲು ಹೊರಟರು.

ಇಲ್ಲಿಂದ ಮುಂದೆ ನಡೆದದ್ದು ನಮ್ಮವರಿಂದ ಮಾತ್ರ ಸಾಧ್ಯ. ಹೆಸರು ಗೊತ್ತಾದ ಮೇಲೆ ಲಕೋಟೆಯನ್ನು ಪೆಟ್ಟಿಗೆಗೆ ಹಾಕುವುದು ಎಲ್ಲರಿಗೂ ದಂಡ ಅನ್ನಿಸಿತು. ಪೆಟ್ಟಿಗೆಗೆ ಹಾಕಿದರೆ ಕೊಟ್ಟವರು ಯಾರೆಂದು ಪ್ರೆಸ್ಸಣ್ಣನಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ಒಬ್ಬೊಬ್ಬರಾಗಿ ಅವರ ಮನೆಗೇ ಹೋಗತೊಡಗಿದರು. ಗುಪ್ತದಾನವೆಂದರೆ ಗುಪ್ತದಾನವೇ, ಆದ್ದರಿಂದ ಅಕ್ಕಿ ಚೀಲವನ್ನು ಯಾರಿಗೂ ಕಾಣದಂತೆ ಇಟ್ಟಿಗೆ ರಾಶಿಯ ಹಿಂದೆ ಇಟ್ಟು, ಬಾಗಿಲು ತೆರೆಯುವವರೆಗೆ ಅಲ್ಲೇ ನಿಂತು ಕೆಮ್ಮುತ್ತಿದ್ದರು. ಕ್ಷೌರದಂಗಡಿಯವನು ಪ್ರೆಸ್ಸಣ್ಣನ ಗಡ್ಡ ಹೆರೆದು, "ಬೇಡ ಬಿಡಿ ಅಣ್ಣ, ನಿಮ್ಮ ಹತ್ರ ದುಡ್ಡು ಇಸ್ಕೊಂಡ್ರೆ ನನ್ನ ಕೈಗೆ ಪಾಪ," ಎಂದ. ಅಧ್ಯಕ್ಷರು ನಿನ್ನೆಯ ಕೇಕಿನ ಜೊತೆ ತಮ್ಮ ಹಳೆಯ ಬೂಟುಗಳನ್ನು ಕಳಿಸಿದರು. ಆಂಟಿ ಲಕೋಟೆಯನ್ನು ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, "ಧೈರ್ಯವಾಗಿರಿ. ನಾವೆಲ್ಲ ಇದ್ದೀವಿ," ಎಂದರು.

ಪ್ರೆಸ್ಸಣ್ಣನಿಗೆ ಎರಡು ದಿನ ತಲೆಬುಡ ತಿಳಿಯಲಿಲ್ಲ. ಆಮೇಲೆ ಒಂದು ಸಂಜೆ ಊಟದ ತಟ್ಟೆ ಪಕ್ಕಕ್ಕೆ ತಳ್ಳಿ ಹೆಂಡತಿಯನ್ನು ಕರೆದರು.

"ಏ, ಕಾರಿನ ವಿಷಯ ಹೊರಗೆ ಬಿದ್ದಿದೆ ಕಣೇ."

"ನಾನಂತೂ ಯಾರಿಗೂ ಹೇಳಿಲ್ಲಪ್ಪ."

"ಯಾರು ಹೇಳಿದ್ರೋ ಏನೋ, ಬಿದ್ದಂತೂ ಬಿದ್ದಿದೆ. ಇಲ್ಲದಿದ್ರೆ ಅಧ್ಯಕ್ಷರು ನನಗೆ ಯಾಕೆ ಕೇಕು ಕಳಿಸ್ತಾರೆ? ಇಷ್ಟು ವರ್ಷ ನನ್ನ ನಮಸ್ಕಾರಕ್ಕೆ ಮುಖ ಎತ್ತಿದವರಲ್ಲ. ಕಾರಿನವರು ಕಾರಿನವರಿಗೆ ತೋರಿಸೋ ಮರ್ಯಾದೆ ಇದು."

"ಅಲ್ಲ ರೀ, ಕಾರು ತಗೊಂಡವರಿಗೆ ಯಾರಾದ್ರೂ ಅಕ್ಕಿ ಕೊಡ್ತಾರಾ?"

"ದೊಡ್ಡವರ ರೀತಿನೀತಿ ನಿನಗೇನು ಗೊತ್ತು? ಮದುವೆಗೆ ಮುಯ್ಯಿ ಇಲ್ವಾ? ಹಾಗೇ ಕಾರಿಗೂ ಒಂದು ಮುಯ್ಯಿ."

"ಹಳೇ ಬೂಟು?"

ಪ್ರೆಸ್ಸಣ್ಣ ಬೂಟುಗಳನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. "ಬ್ರೇಕು ಒತ್ತೋಕೆ ಹಳೇ ಬೂಟೇ ಒಳ್ಳೇದು. ಅನುಭವಸ್ಥರು ಅವರು," ಎಂದು ತೀರ್ಮಾನಿಸಿದರು. ಮಾರನೇ ದಿನ ಲಕೋಟೆಗಳನ್ನೆಲ್ಲ ಒಡೆದು, ಬಂದ ಹಣವನ್ನು ಜೇಬಿಗೆ ಹಾಕಿಕೊಂಡು ಕಾರಿನವನ ಹತ್ತಿರ ಹೋಗಿ, ಅಡ್ವಾನ್ಸ್ ಕೊಟ್ಟಿದ್ದ ಬೂದು ಬಣ್ಣದ ಚಿಕ್ಕ ಕಾರನ್ನು ಬೇಡವೆಂದು, ಅದರ ಪಕ್ಕದಲ್ಲಿದ್ದ ಕೆಂಪು ಬಣ್ಣದ ದೊಡ್ಡದನ್ನು ಗೊತ್ತುಮಾಡಿ ಬಂದರು. ಜನ ಇಷ್ಟು ಮರ್ಯಾದೆ ಕೊಡುವಾಗ ಚಿಕ್ಕ ಕಾರಿನಲ್ಲಿ ಬಂದರೆ ಅವರಿಗೆ ಅವಮಾನ ಮಾಡಿದ ಹಾಗಲ್ಲವೇ?

ಇತ್ತ ನಮ್ಮ ಪೆಟ್ಟಿಗೆಯನ್ನು ಅಲುಗಾಡಿಸಿದರೆ ಒಳಗೆ ಏನೋ ಒಂದು ಟಣ್ಣೆನ್ನುತ್ತಿತ್ತು. ಸಿಸ್ಟರ್ ಹತ್ತಿರ ಹೋಗಿ ಎಲ್ಲ ಹೇಳಿದೆ.

"ಸಿಸ್ಟರ್, ಒಂದೇ ಒಂದು ಮಾತು ಹೇಳಿಬಿಡಿ, ಪ್ರೆಸ್ಸಣ್ಣ ಅಲ್ಲ ಅಂತ."

"ಹೇಳಿದರೆ ಮತ್ತೆ ಯಾರು ಅಂತ ಹುಡುಕಲ್ವಾ? ಆ ಹೆಣ್ಣುಮಗಳಿಗೆ ಮಾತು ಕೊಟ್ಟಿದ್ದೀನಿ."

"ಮಾತು ಉಳಿಯುತ್ತೆ ಸಿಸ್ಟರ್, ಆ ಮೇಸ್ತ್ರಿ ಸೊಂಟ ಉಳಿಯಲ್ಲ."

ಸಿಸ್ಟರ್ ಜಪಮಾಲೆಯನ್ನು ಬೆರಳಿಗೆ ಸುತ್ತಿಕೊಂಡರು. "ದೇವರು ಏನಾದರೂ ದಾರಿ ತೋರಿಸ್ತಾನೆ," ಎಂದರು. ದೇವರು ಯಾವ ದಾರಿ ತೋರಿಸಿದರೂ ಆಸ್ಪತ್ರೆಯವರು ಚೆಕ್ಕನ್ನೇ ಕೇಳುತ್ತಾರೆ ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಗುಮಾಸ್ತನ ಬಾಯಿ, ಒಳಗೇ ಉಳಿಯಿತು.

ಅದೇ ಸಂಜೆ ಇನ್ನೊಂದು ನೋಡಿದೆ. ಡ್ರಾಯಿಂಗ್ ಟೀಚರ್ ಕೈಯಲ್ಲಿ ಒಂದು ಲಕೋಟೆ ಹಿಡಿದುಕೊಂಡು ಪ್ರೆಸ್ಸಣ್ಣನ ಮನೆಯ ಕಡೆ ಹೊರಟಿದ್ದರು. ಓಡಿಹೋಗಿ ಅಡ್ಡ ನಿಂತೆ.

"ಟೀಚರ್, ನೀವು ಯಾಕೆ? ನಿಮಗೇ..."

"ಮೆಲ್ಲಗೆ ಸಾರ್!" ಅವರು ಆಚೀಚೆ ನೋಡಿದರು. "ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೊಟ್ಟಾಯ್ತು. ನಾನೊಬ್ಬಳೇ ಕೊಡದಿದ್ರೆ ಆ ಮನೆ ನನ್ನದೇ ಅಂತ ಗೊತ್ತಾಗಿಬಿಡುತ್ತೆ."

"ಎಲ್ಲಿಂದ ತಂದ್ರಿ ದುಡ್ಡು?"

"ಬಸ್ಸಿಗೆ ಅಂತ ಇಟ್ಟಿದ್ದು," ಎಂದು ಹೇಳಿ, ತಲೆ ತಗ್ಗಿಸಿಕೊಂಡು ನಡೆದುಬಿಟ್ಟರು. ಆ ವಾರವೆಲ್ಲ ಅವರು ಗಂಡನನ್ನು ನೋಡಲು ಹೋಗಲಿಲ್ಲ. ಹೋಗಲು ಬಸ್ಸಿನ ದುಡ್ಡು ಇರಲಿಲ್ಲ. ನನಗೆ ಆ ರಾತ್ರಿ ಇಡೀ ಬೀದಿಯ ಮೇಲೆ ಸಿಟ್ಟು ಬಂತು, ನನ್ನ ಮೇಲೂ ಬಂತು.

ಸಂಗೀತ ಕಾರ್ಯಕ್ರಮದ ದಿನ ಹಾಲ್ ಕಿಕ್ಕಿರಿದಿತ್ತು. ಟಿಕೆಟ್ಟು ಕೊಂಡು ಬಂದವರು ಬೆರಳೆಣಿಕೆಯಷ್ಟು. ಉಳಿದವರು, "ನಾವು ನೇರವಾಗಿ ಕೊಟ್ಟಾಗಿದೆ," ಎಂದು ಬಾಗಿಲಲ್ಲಿ ಕಣ್ಣು ಹೊಡೆದು ಒಳಗೆ ಹೋದರು. ಮೊದಲ ಹಾಡು ಮುಗಿದ ಮೇಲೆ ಅಧ್ಯಕ್ಷರು ವೇದಿಕೆಗೆ ಬಂದು ಮಾನವೀಯತೆಯ ಬಗ್ಗೆ ಮಾತಾಡಿದರು, ಮತ್ತೆ ಮಾತಾಡಿದರು. ಆಮೇಲೆ ಕೀಲಿ ತಿರುಗಿಸಿ ಪೆಟ್ಟಿಗೆ ತೆರೆದರು. ಒಳಗಿದ್ದದ್ದು ಎರಡು ಲಕೋಟೆ, ಕೆಲವು ಚಿಲ್ಲರೆ ನಾಣ್ಯ, ಒಂದು ಕೋಟಿನ ಗುಂಡಿ. ಲಕೋಟೆಗಳಲ್ಲಿ ಒಂದು ಸಿಸ್ಟರದು, ಒಂದು ನನ್ನದು. ಗುಂಡಿ ಯಾರದೋ ಗೊತ್ತಿಲ್ಲ.

ಸಭೆಗೇನೂ ಬೇಜಾರಾಗಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ನಮಗೆ ಗೊತ್ತಲ್ಲ, ತಲುಪಬೇಕಾದ ಕಡೆ ತಲುಪಿದೆ, ಎಂಬ ತಲೆಯಾಟ. ಹಿಂದಿನ ಬೆಂಚಿನಲ್ಲಿ ಡ್ರಾಯಿಂಗ್ ಟೀಚರ್ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಆಪರೇಷನ್ನಿಗೆ ಡಾಕ್ಟರು ಕೊಟ್ಟಿದ್ದ ಗಡುವಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು.

ಆಗಲೇ ಹೊರಗೆ ಹಾರ್ನ್ ಕೇಳಿಸಿತು. ಒಂದು ಸಲವಲ್ಲ, ಬ್ಯಾಂಡಿನ ಹಾಗೆ ಬಿಟ್ಟೂಬಿಡದೆ. ಸಭೆಯೆಲ್ಲ ಕಿಟಕಿಗೆ ಮುಗಿಬಿತ್ತು. ಗೇಟಿನಿಂದ ಒಂದು ಕೆಂಪು ಕಾರು ನಿಧಾನವಾಗಿ, ಮೆರವಣಿಗೆಯ ಗತ್ತಿನಲ್ಲಿ ಒಳಗೆ ಬಂತು. ಅಧ್ಯಕ್ಷರ ಕಾರಿನ ಪಕ್ಕಕ್ಕೆ ಹೋಗಿ, ಅದಕ್ಕಿಂತ ಒಂದು ಮೊಳ ಮುಂದೆ ನಿಂತಿತು. ಪ್ರೆಸ್ಸಣ್ಣ ಇಳಿದರು. ಕಾಲಲ್ಲಿ ಅಧ್ಯಕ್ಷರ ಬೂಟು. ಕಿಟಕಿಗಳ ಕಡೆ ಕೈ ಬೀಸಿ, ಹಿಂದೆ ತಿರುಗದೆ ಕೀಲಿ ಒತ್ತಿದರು.

'ಕೀಂ.'

ಚಪ್ಪಾಳೆ ಬರುತ್ತದೆಂದು ಅವರು ಒಂದು ನಿಮಿಷ ಕಾದರು. ಬಂದದ್ದು ಜನ. ಹಾಲ್‌ನ ಎರಡೂ ಬಾಗಿಲುಗಳಿಂದ ನುಗ್ಗಿ ಬಂದು ಕಾರನ್ನು ಸುತ್ತುಗಟ್ಟಿದರು. ಮುಂದೆ ಕ್ವಾಯರ್ ಆಂಟಿ.

"ಏನಿದು?"

"ಕಾರು, ಆಂಟಿ. ನಿಮ್ಮೆಲ್ಲರ ಆಶೀರ್ವಾದ."

"ನಮ್ಮ ದುಡ್ಡಲ್ಲಿ?"

"ಪೂರ್ತಿ ಅಲ್ಲ. ನೀವೆಲ್ಲ ಕೊಟ್ಟಿದ್ದು ಸೇರಿಸಿ ಸ್ವಲ್ಪ ದೊಡ್ಡದು ತಗೊಂಡೆ. ಸೀಟ್ ಕವರ್ ನೋಡಿ, ನಿಮ್ಮ ಲಕೋಟೆಯದು."

ಆಂಟಿಯ ದನಿ ಕ್ವಾಯರಿನಲ್ಲಿ ಎಂದೂ ಮುಟ್ಟದ ಎತ್ತರ ಮುಟ್ಟಿತು. "ಬಡವರು ಅಂತ ಕೊಟ್ಟರೆ ಸೀಟ್ ಕವರಾ!"

"ಯಾರು ಬಡವರು?"

"ನೀವು!"

ಪ್ರೆಸ್ಸಣ್ಣ ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ, ಕಾರಿತ್ತು. ಆಮೇಲೆ ಒಂದೊಂದಾಗಿ ಎಲ್ಲವೂ ಅವರ ತಲೆಗೆ ಇಳಿಯಿತು. ಅಕ್ಕಿ, ಕೇಕು, ಕ್ಷೌರ, ಮಡಚಿದ ಬೆರಳು. ಕೊನೆಗೆ ತಮ್ಮ ಕಾಲಿನ ಕಡೆ ನೋಡಿಕೊಂಡರು. ಆಗ ಅವರ ಮುಖ ಕಾರಿನ ಬಣ್ಣಕ್ಕೆ ತಿರುಗಿತು. ಕಳ್ಳ ಎಂದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಬಡವ ಎಂದದ್ದು ನೇರವಾಗಿ ಹೋಗಿ ನಾಟಿತು.

"ವಾಪಸ್ ಕೊಡಿ!" ಯಾರೋ ಹಿಂದಿನಿಂದ ಕೂಗಿದರು. ಅಷ್ಟು ಸಾಕಾಯಿತು. ಬಡ ಕುಟುಂಬದ ಮಾತು ಅಲ್ಲಿಗೆ ನಿಂತಿತು. ನಿಜವಾದ ಆ ಕುಟುಂಬ ಯಾವುದು, ಅದರ ಗತಿಯೇನು ಎಂದು ಒಬ್ಬರೂ ಕೇಳಲಿಲ್ಲ. ಕಾರಿನ ಬಾನೆಟ್ಟಿನಿಂದ ಗೇಟಿನವರೆಗೆ ಒಂದು ಕ್ಯೂ ತಾನಾಗಿಯೇ ನಿಂತಿತು. ಪ್ರತಿ ಬಾಯಲ್ಲೂ ದಾನ ಬೆಳೆಯುತ್ತಾ ಹೋಯಿತು. ಒಂದು ಚೀಲ ಅಕ್ಕಿ ಎರಡಾಯಿತು. ಕ್ಷೌರದವನು ಗಡ್ಡದ ಜೊತೆ ತಲೆಗೆ ಎಣ್ಣೆ ತಿಕ್ಕಿದ್ದನ್ನೂ ಸೇರಿಸಿದ. ಅಧ್ಯಕ್ಷರು ಬೂಟಿಗೆ ಹೊಸದರ ಬೆಲೆ ಹೇಳಿದರು, ಕೇಕು ಅಂದೇ ಸುಟ್ಟದ್ದು ಎಂದು ಆಣೆ ಹಾಕಿದರು. ಅವರೆಲ್ಲ ಹೇಳಿದ್ದನ್ನು ಕೂಡಿಸಿದ್ದರೆ ಪ್ರೆಸ್ಸಣ್ಣ ಎರಡು ಕಾರು ಕೊಳ್ಳಬಹುದಿತ್ತು. ಕ್ಯೂವಿನ ಕೊನೆಯಲ್ಲಿ ಡ್ರಾಯಿಂಗ್ ಟೀಚರ್ ನಿಂತಿದ್ದರು. ಬೇಕೆಂದು ನಿಂತದ್ದಲ್ಲ. ಎಲ್ಲರೂ ಕೇಳುವಾಗ ತಾನೊಬ್ಬಳೇ ಕೇಳದಿದ್ದರೆ ಅದಕ್ಕೂ ಏನಾದರೂ ಅರ್ಥ ಹಚ್ಚಿಯಾರು ಎಂಬ ಭಯಕ್ಕೆ ನಿಂತದ್ದು.

ಪ್ರೆಸ್ಸಣ್ಣನಿಗೆ ಮೈಮೇಲೆ ಬಂದ ಹಾಗಾಯಿತು. ಬೂಟು ಕಿತ್ತು ಅಧ್ಯಕ್ಷರ ಮುಂದೆ ಎಸೆದು, ಬರಿಗಾಲಲ್ಲಿ ಹಾಲ್‌ನೊಳಗೆ ನುಗ್ಗಿದರು. ಹಿಂದೆ ಎಲ್ಲರೂ. ಅಧ್ಯಕ್ಷರು ಪೆಟ್ಟಿಗೆಗೆ ಮತ್ತೆ ಬೀಗ ಹಾಕಿ ಮೇಜಿನ ಮೇಲೆ ಬಿಟ್ಟಿದ್ದರು.

"ಯಾರಿಗ್ರೀ ಬಡವ ಅಂದಿದ್ದು?" ಎಂದು ಪ್ರೆಸ್ಸಣ್ಣ ಕಿರುಚಿದರು. "ನಿಮ್ಮ ದುಡ್ಡು ನಿಮಗೆ ಬೇಡ, ನನಗೂ ಬೇಡ! ಬಡವರಿಗೆ ಅಂತ ತಾನೆ ಕೊಟ್ಟಿದ್ದು? ಬಡವರಿಗೇ ಹೋಗಲಿ! ಅದರ ಮೇಲೆ ನನ್ನದೂ ಹೋಗಲಿ! ತಗೊಳ್ಳಿ, ಇಡೀ ಕಾರೇ ಹೋಗಲಿ! ಬಡವ ಕೊಡ್ತಾನೇನ್ರೀ ಕಾರು?"

ಕೀಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಪೆಟ್ಟಿಗೆಯ ಸೀಳಿನೊಳಗೆ ಹಾಕಿಬಿಟ್ಟರು. ಅದು ತಳಕ್ಕೆ ಬಿದ್ದ ಸದ್ದು ಹಿಂದಿನ ಬೆಂಚಿಗೂ ಕೇಳಿಸಿತು.

ಸದ್ದು ಕೇಳಿದ ಮೇಲೆಯೇ ಪ್ರೆಸ್ಸಣ್ಣನಿಗೆ ಎಚ್ಚರವಾದದ್ದು. ಮೆಲ್ಲಗೆ ಸೀಳಿಗೆ ಬೆರಳು ಹಾಕಿ ನೋಡಿದರು. ಎರಡು ಬೆರಳು ಹೋದವು, ಕೈ ಹೋಗಲಿಲ್ಲ. ಪೆಟ್ಟಿಗೆ ಎತ್ತಿ ತಲೆಕೆಳಗು ಮಾಡಲು ನೋಡುವಷ್ಟರಲ್ಲಿ ಅದರ ಮೇಲೆ ಇನ್ನೊಂದು ಕೈ ಬಿತ್ತು. ಪ್ರಿನ್ಸಿಪಾಲ್ ಸಿಸ್ಟರ್ ಕೈ.

"ದೇವರು ನಿಮ್ಮನ್ನ ಆಶೀರ್ವದಿಸಲಿ," ಎಂದರು ಸಿಸ್ಟರ್, ನಗುತ್ತಾ. "ಈ ಪೆಟ್ಟಿಗೆಗೆ ಬಿದ್ದದ್ದು ಹೊರಗೆ ಬರೋ ಪದ್ಧತಿ ಇಲ್ಲ."

"ಸಿಸ್ಟರ್, ಅದು ಸ್ವಲ್ಪ ಸಿಟ್ಟಲ್ಲಿ..."

"ಒಳ್ಳೆ ಕೆಲಸ ಸಿಟ್ಟಲ್ಲಿ ಮಾಡಿದ್ರೂ ಒಳ್ಳೆ ಕೆಲಸವೇ. ಗುಮಾಸ್ತರೇ, ಪೆಟ್ಟಿಗೆ ಒಳಗೆ ಇಡಿ."

ನಾನು ಜೀವಮಾನದಲ್ಲಿ ಅಷ್ಟು ಚುರುಕಾಗಿ ಯಾವ ಕೆಲಸವನ್ನೂ ಮಾಡಿಲ್ಲ.

"ಹಾಗಾದ್ರೆ ನಮ್ಮ ದುಡ್ಡು?" ಅಧ್ಯಕ್ಷರು ಬೂಟುಗಳನ್ನು ಎದೆಗೆ ಒತ್ತಿಕೊಂಡು ಕೇಳಿದರು.

"ಕೊಡೋಣ. ಯಾರಿಗೆ ಕೊಟ್ಟ ದಾನ ವಾಪಸ್ ಬೇಕೋ ಅವರು ಗುಮಾಸ್ತರ ಹತ್ರ ಹೆಸರು ಬರೆಸಿ. ಭಾನುವಾರ ಪೂಜೆ ಆದ ಮೇಲೆ ಒಬ್ಬೊಬ್ಬರನ್ನೇ ಮುಂದೆ ಕರೆದು ನಾನೇ ಕೈಗೆ ಕೊಡ್ತೀನಿ."

ಕ್ಯೂ ಕರಗಿತು. ಒಬ್ಬರಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು, ಇನ್ನೊಬ್ಬರಿಗೆ ಎರಡನೇ ಹಾಡಿಗೆ ತಡವಾಯಿತು. ಪ್ರೆಸ್ಸಣ್ಣನ ಹೆಂಡತಿ ಒಬ್ಬರೇ ಉಳಿದರು. ಆಕೆ ಗಂಡನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು.

"ನನ್ನ ಬಳೆಯೂ ಆ ಪೆಟ್ಟಿಗೆಗೇ ಬಿತ್ತಾ?"

ಪ್ರೆಸ್ಸಣ್ಣ ಬರಿಗಾಲಲ್ಲೇ ಗೇಟಿನ ಕಡೆ ನಡೆದರು.

ಕಾರಿನವನು ಮಾರನೇ ದಿನವೇ ಬಂದು, ಸ್ವಲ್ಪ ಮುರಿದುಕೊಂಡು, ಹಣ ಎಣಿಸಿ ಕಾರು ತೆಗೆದುಕೊಂಡು ಹೋದ. ನಾನು ಚೆಕ್ಕು ಬರೆದೆ. ಗಡುವಿಗೆ ಒಂದು ದಿನ ಮುಂಚೆ ಆಪರೇಷನ್ ಆಯಿತು. ಸ್ಕೂಲಿನ ವಾರ್ಷಿಕ ವರದಿಯಲ್ಲಿ, "ಕಮಿಟಿ ಅಧ್ಯಕ್ಷರ ದೂರದೃಷ್ಟಿ ಮತ್ತು ಸಮುದಾಯದ ಉದಾರ ಮನಸ್ಸಿನಿಂದ" ಒಂದು ಕುಟುಂಬಕ್ಕೆ ನೆರವಾದುದಾಗಿ ಬರೆಯಲಾಯಿತು. ಬರೆದವನು ನಾನೇ, ಹೇಳಿ ಬರೆಸಿದವರು ಅಧ್ಯಕ್ಷರು. ಅದನ್ನು ಅಚ್ಚು ಹಾಕಿದವರು ಪ್ರೆಸ್ಸಣ್ಣ.

ಈಗ ಅವರು ನಿಜವಾಗಿಯೂ ಬಡವರಾದರು. ಸ್ಕೂಟರ್ ಇಲ್ಲ, ಕಾರಿಲ್ಲ, ಗೋಡೆಯಿಲ್ಲ, ಹೆಂಡತಿಗೆ ಬಳೆಯಿಲ್ಲ. ಆದರೆ ಯಾರೂ ಒಂದು ಹಿಡಿ ಅಕ್ಕಿ ತರಲಿಲ್ಲ. ಕಾರು ದಾನ ಮಾಡಿದವನಿಗೆ ಅಕ್ಕಿ ಕೊಡುವುದೆಂದರೇನು? ಕ್ಷೌರದವನು ಹಳೆಯ ಬಾಕಿ ಸೇರಿಸಿ ವಸೂಲು ಮಾಡಿದ. ಪ್ರೆಸ್ಸಣ್ಣನಿಗೆ ಉಳಿದದ್ದು ಒಂದೇ ಹುಚ್ಚು, ತನ್ನ ಕಾರು ಯಾರ ಹೊಟ್ಟೆ ಸೇರಿತು ಎಂದು ತಿಳಿಯುವುದು. ದಿನಕ್ಕೊಮ್ಮೆ ನನ್ನನ್ನು ಕೇಳುತ್ತಿದ್ದರು, ನಾನು ತುಟಿ ಬಿಗಿಯುತ್ತಿದ್ದೆ. ಬೀದಿಯಲ್ಲಿ ಯಾರಾದರೂ ಬಿಸ್ಕತ್ತು ತಿಂದರೆ ನಿಂತು ನೋಡುತ್ತಿದ್ದರು. "ನನ್ನ ಚಕ್ರ ತಿಂತಿದ್ದಾನೆ ನೋಡ್ರೀ," ಎಂದು ಗೊಣಗುತ್ತಿದ್ದರು. ಯಾರಾದರೂ ಹೊಸ ಅಂಗಿ ತೊಟ್ಟರೆ ಅದರಲ್ಲಿ ಅವರಿಗೆ ಸೀಟ್ ಕವರ್ ಕಾಣಿಸುತ್ತಿತ್ತು.

ಕೆಲವು ತಿಂಗಳು ಕಳೆದ ಮೇಲೆ ಡ್ರಾಯಿಂಗ್ ಟೀಚರ್ ಗಂಡ ಊರಿಗೆ ಬಂದ. ಒಂದು ಕೋಲು ಹಿಡಿದು, ಸ್ವಲ್ಪ ಓಲಾಡುತ್ತಾ, ಆದರೆ ತನ್ನ ಕಾಲ ಮೇಲೆ ತಾನೇ ನಡೆಯುತ್ತಾ ಬಂದ. "ಕಾಂಟ್ರಾಕ್ಟಿನಲ್ಲಿ ಬಿದ್ದು ಪೆಟ್ಟಾಗಿತ್ತಂತೆ, ಖರ್ಚೆಲ್ಲ ತಾವೇ ನೋಡ್ಕೊಂಡ್ರಂತೆ. ಒಳಗೆ ಚೆನ್ನಾಗಿ ಮಾಡಿಟ್ಟಿದ್ದಾರೆ," ಎಂದು ಕ್ವಾಯರ್ ಆಂಟಿ ಹೊಟ್ಟೆ ಉರಿದುಕೊಂಡರು.

ಪರೀಕ್ಷೆಯ ಪ್ರಶ್ನೆಪತ್ರಿಕೆ ತರಲು ನಾನು ಪ್ರೆಸ್ಸಣ್ಣನ ಮನೆಗೆ ಹೋಗಿದ್ದ ದಿನ ಆ ಮೇಸ್ತ್ರಿ ಅಲ್ಲಿಗೆ ಬಂದ. ಗೋಡೆ ಅರ್ಧ ಎದ್ದು ನಿಂತಿತ್ತು.

"ಅಣ್ಣ, ಗೋಡೆ ಕಟ್ಟಿದ ಮೇಲೆ ಹೇಳಿ. ಬಣ್ಣ ನಾನು ಹೊಡೀತೀನಿ. ದುಡ್ಡು ಬೇಡ."

ಪ್ರೆಸ್ಸಣ್ಣ ಸಂಶಯದಿಂದ ನೋಡಿದರು. ಬಿಟ್ಟಿಯಾಗಿ ಏನಾದರೂ ಕೊಡುತ್ತೇನೆಂದರೆ ಈಗ ಅವರಿಗೆ ಜೀವ ಹಾರುತ್ತಿತ್ತು. "ನನ್ನನ್ನ ಬಡವ ಅಂದ್ಕೊಂಡ್ಯೇನಪ್ಪ?"

"ಇಲ್ಲ ಅಣ್ಣ."

"ಹಾಗಾದ್ರೆ ಸರಿ." ಅವರ ದನಿ ಮೆತ್ತಗಾಯಿತು. ಕುರ್ಚಿ ಎಳೆದು ಕೂರಿಸಿದರು. "ನೋಡು, ನಿನ್ನ ಕಂಡ್ರೆ ನನಗೆ ಗೌರವ. ಪೆಟ್ಟು ತಿಂದೆ, ಆಪರೇಷನ್ ಮಾಡಿಸಿಕೊಂಡೆ, ಯಾರ ಮುಂದೆಯೂ ಕೈ ಚಾಚಲಿಲ್ಲ. ನಿನ್ನಂಥವರು ಒಂದು ಕಡೆ. ಇನ್ನೊಂದು ಕಡೆ ಆ ಯಾವುದೋ ದರಿದ್ರ ಕುಟುಂಬ. ನನ್ನ ಕಾರನ್ನ ಹೀಗೆ ನುಂಗಿ, ಹಾಗೆ ಬಾಯಿ ಒರೆಸ್ಕೊಂಡು ಕೂತಿದ್ದಾರೆ. ಒಂದು ಸಲ ಬಂದು ನಿಂತು ಮುಖ ತೋರಿಸೋ ಯೋಗ್ಯತೆ ಬೇಡ್ವಾ?"

ನಾನು ಪ್ರಶ್ನೆಪತ್ರಿಕೆಗಳ ಕಟ್ಟನ್ನು ಎಣಿಸುವವನ ಹಾಗೆ ತಲೆ ಬಗ್ಗಿಸಿದೆ. ನನ್ನ ಬಾಯಿಗೆ ಬೀಗ ಇತ್ತು. ಮೇಸ್ತ್ರಿಯ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ.

"ನಾನೇ ಅಣ್ಣ ಅದು," ಎಂದ ಅವನು.

"ಯಾವುದು?"

"ಆ ದರಿದ್ರ ಕುಟುಂಬ. ನಿಮ್ಮ ಕಾರು ನನ್ನ ಸೊಂಟಕ್ಕೆ ಹೋಯ್ತು. ಮುಖ ತೋರಿಸೋಣ ಅಂತಾನೇ ಬಂದೆ. ಹೇಳೋಕೆ ನಾಚಿಕೆ ಆಗಿ ಬಣ್ಣದ ಮಾತು ತೆಗೆದೆ."

ಪ್ರೆಸ್ಸಣ್ಣ ನನ್ನ ಮುಖ ನೋಡಿದರು. ನಾನು ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಈಗ ಕೂಗುತ್ತಾರೋ, ಅಳುತ್ತಾರೋ, ಬಳೆಯ ಲೆಕ್ಕ ತೆಗೆಯುತ್ತಾರೋ ಎಂದು ನಾನು ಕಾದೆ. ಅವರು ಕೂಗಲಿಲ್ಲ. ಮಸಿ ಹತ್ತಿದ ಕೈಗಳನ್ನು ಪಂಚೆಗೆ ಒರೆಸಿಕೊಂಡು, ಕೂತಿದ್ದ ಮೇಸ್ತ್ರಿಯ ಸುತ್ತ ಒಂದು ಸುತ್ತು ಬಂದರು. ಮಂಡಿಯೂರಿ ಸೊಂಟದ ಕಡೆ ಬಗ್ಗಿ ನೋಡಿದರು. ಎದ್ದು ನಿಂತರು.

"ನಡಿ ನೋಡೋಣ."

ಮೇಸ್ತ್ರಿ ಎದ್ದ. ಕೋಲು ಊರಿ ಅಂಗಳದ ಆ ತುದಿಯವರೆಗೆ ಹೋದ.

"ಕೋಲು ಬಿಟ್ಟು."

ಕೋಲನ್ನು ಇಟ್ಟಿಗೆಗೆ ಒರಗಿಸಿ, ಹಲ್ಲು ಕಚ್ಚಿ, ಮೆಲ್ಲಗೆ ಈ ತುದಿಯವರೆಗೆ ಬಂದ. ಪ್ರೆಸ್ಸಣ್ಣ ತಲೆ ಒಂದು ಕಡೆ ವಾಲಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದರು.

"ತಿರುಗು. ಇನ್ನೊಂದು ಸಲ."

ಇನ್ನೊಂದು ಸಲವೂ ಆಯಿತು. ಮೇಸ್ತ್ರಿಯ ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು. ಪ್ರೆಸ್ಸಣ್ಣನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು.

"ಸ್ವಲ್ಪ ಎಡಕ್ಕೆ ಎಳೀತಿದೆ," ಎಂದರು ಪ್ರೆಸ್ಸಣ್ಣ, ಆಕೆಯ ಕಡೆ ತಿರುಗಿ. "ಪರವಾಗಿಲ್ಲ. ಗಾಡಿ ಚೆನ್ನಾಗಿದೆ."